ಬೆಳೆಹಬ್ಬದ ವೇದಿಕೆ ಮತ್ತು ಮಂಗಳವಾರದ ಕೂಟ: ಸಭೆಯಲ್ಲಿ ವ್ಯಸನಮುಕ್ತಿ ಸೇವೆ ನಡೆಸುವವರಲ್ಲಿ ಒಂದು ಪ್ರಶ್ನೆ

ಮಂಗಳವಾರದ ಕೂಟ, ಮುಂಬಯಿ

ಎಲ್ಲರಿಗೂ ವಂದನೆಗಳು. ಮಧ್ಯ ರೈಲು ಮಾರ್ಗದ ಒಂದು ಉಪನಗರದಲ್ಲಿರುವ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕುಡಿತ ಬಿಡಬೇಕೆಂದು ಬರುವವರ ಕೂಟವೊಂದನ್ನು ನಾನು ಏಳು ವರ್ಷಗಳಿಂದ ನಡೆಸುತ್ತಿದ್ದೇನೆ. ನಾನು ಪಾದ್ರಿಯಲ್ಲ, ವೈದ್ಯನೂ ಅಲ್ಲ. ಬ್ಯಾಂಕಿನಿಂದ ನಿವೃತ್ತನಾದ ಒಬ್ಬ ಸಭಾ ಹಿರಿಯ, ಕುಡಿತಕ್ಕೆ ಸ್ವಂತ ತಮ್ಮನನ್ನು ಕಳೆದುಕೊಂಡವನು. ಈ ಸಲದ ಬೆಳೆಹಬ್ಬದಂದು ಕೂಟದ ಮೂವರನ್ನು ವೇದಿಕೆಗೆ ಕರೆದು ಸಾಕ್ಷಿ, ಅಂದರೆ ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ, ಹೇಳಿಸಬೇಕೆಂದು ನಮ್ಮ ಕಮಿಟಿ ತೀರ್ಮಾನಿಸಿದೆ. ನಾನು ಬೇಡವೆಂದೆ. "ದೇವರು ಮಾಡಿದ ಉಪಕಾರವನ್ನು ಮುಚ್ಚಿಡುವುದು ಯಾವ ನ್ಯಾಯ?" ಎಂದು ಕೇಳಿದರು. ಆ ಮಾತಿಗೆ ಅಲ್ಲಿಯೇ ಉತ್ತರ ಹೊಳೆಯಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕೂಟದ ಸ್ವರೂಪವನ್ನು ಹೇಳುತ್ತೇನೆ. ಆರಂಭದಲ್ಲಿ ಸಂಜೆ ಏಳಕ್ಕೆ ಸೇರುತ್ತಿದ್ದೆವು, ಯಾರೂ ಬರುತ್ತಿರಲಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಹೋಟೆಲು, ಕ್ಯಾಂಟೀನು, ಪರ್ಮಿಟ್ ರೂಮು ಎನ್ನುವ ಬಾರುಗಳಲ್ಲಿ ದುಡಿಯುವವರು. ಸಂಜೆ ಏಳೆಂದರೆ ಅವರಿಗೆ ಗಿರಾಕಿಗಳ ನೂಕುನುಗ್ಗಲು. ಮಧ್ಯಾಹ್ನದ ಊಟ ಮುಗಿದು ರಾತ್ರಿಯ ತಯಾರಿ ತೊಡಗುವ ನಡುವೆ ಸಿಗುವ ಎರಡು ಗಂಟೆಯೇ ಅವರದೆಂದು ತಿಳಿದ ಮೇಲೆ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಬದಲಾಯಿಸಿದೆವು. ಸಂಡೇ ಸ್ಕೂಲಿನ ಕೋಣೆ, ಮಕ್ಕಳ ಗಿಡ್ಡ ಬೆಂಚುಗಳು, ಒಂದು ಸ್ಟವ್, ಸ್ಟೀಲ್ ಲೋಟಗಳು. ಚಹಾವನ್ನು ಅರ್ಧ ಲೋಟಕ್ಕಿಂತ ಮೇಲೆ ಸುರಿಯುವುದಿಲ್ಲ. ಹೊಸದಾಗಿ ಬಂದವನ ಕೈ ನಡುಗುತ್ತಿರುತ್ತದೆ. ತುಂಬಿದ ಲೋಟ ಕೊಟ್ಟರೆ ಚಹಾ ಚೆಲ್ಲುತ್ತದೆ, ಅವನು ಅದನ್ನು ಅಂಗಿಯ ತೋಳಿನಿಂದ ಒರೆಸುತ್ತಾನೆ, ಮುಂದಿನ ವಾರ ಬರುವುದಿಲ್ಲ. ಎಲ್ಲರಿಗೂ ಅರ್ಧವೇ ಕೊಟ್ಟರೆ ಯಾರ ಕೈ ನಡುಗುತ್ತಿದೆಯೆಂಬುದು ಎದ್ದು ಕಾಣುವುದಿಲ್ಲ.

ಈಗ ನಾನು ಬೇಡವೆನ್ನಲು ಕಾರಣ. ಐದು ವರ್ಷಗಳ ಹಿಂದೆ ಪರ್ಮಿಟ್ ರೂಮಿನ ವೇಟರ್ ಒಬ್ಬ ಅರುವತ್ತು ದಿನಗಳಿಗಿಂತ ಹೆಚ್ಚು ಕಾಲ ಕುಡಿಯದೆ ಇದ್ದ. ಈಸ್ಟರ್ ಭಾನುವಾರ ನಾನೇ ಅವನನ್ನು ಮುಂದೆ ನಿಲ್ಲಿಸಿದೆ. ಚೆನ್ನಾಗಿ ಮಾತಾಡಿದ, ಜನ ಚಪ್ಪಾಳೆ ತಟ್ಟಿದರು, ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೂ ಕಳುಹಿಸಿದರು. ಮೂರು ವಾರ ಕಳೆಯುವುದರೊಳಗೆ ಅವನು ಮತ್ತೆ ಕುಡಿದ. ಕುಡಿದದ್ದು ನನಗೆ ಆಶ್ಚರ್ಯವಲ್ಲ, ಈ ಕೆಲಸದಲ್ಲಿ ಅದು ಇದ್ದದ್ದೇ. ಆದರೆ ಅವನು ಕೂಟಕ್ಕೆ ಬರುವುದನ್ನು ನಿಲ್ಲಿಸಿದ. ಹುಡುಕಿಕೊಂಡು ಅವನ ಖೋಲಿಗೆ ಹೋದಾಗ ಬಾಗಿಲು ತೆರೆಯದೆ ಒಳಗಿನಿಂದಲೇ ಹೇಳಿದ: "ಅಣ್ಣಾ, ನಾನು ಗುಣವಾದವನು ಅಂತ ಊರಿಗೆಲ್ಲ ಗೊತ್ತಾಗಿದೆ. ಈಗ ಯಾವ ಮುಖ ಇಟ್ಟುಕೊಂಡು ಬರಲಿ?" ಹನ್ನೊಂದು ತಿಂಗಳು ಬರಲಿಲ್ಲ. ಆ ಬಾಗಿಲನ್ನು ಹಾಕಿದವನು ನಾನು ಎಂದು ಈಗಲೂ ನನಗೆ ಅನ್ನಿಸುತ್ತದೆ.

ಕಮಿಟಿಯವರು ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯವನ್ನು ಎತ್ತಿ ತೋರಿಸುತ್ತಾರೆ: ಗುಣಹೊಂದಿದವನಿಗೆ ಯೇಸು, ಮನೆಗೆ ಹೋಗಿ ನಿನ್ನವರಿಗೆ ತಿಳಿಸು ಎಂದದ್ದು. ಅದೇ ಸುವಾರ್ತೆಯ 1ನೆಯ ಅಧ್ಯಾಯದಲ್ಲಿ ಕುಷ್ಠರೋಗಿಗೆ, ಯಾರಿಗೂ ಏನೂ ಹೇಳಬೇಡ, ಹೋಗಿ ಯಾಜಕನಿಗೆ ಮೈ ತೋರಿಸು ಎಂದದ್ದೂ ಇದೆ. ಇಂಥ ಸೇವೆ ನಡೆಸುವ ಬೇರೆ ಸಭೆಗಳವರು ಈ ಎರಡರ ನಡುವೆ ಗೆರೆಯನ್ನು ಎಲ್ಲಿ ಎಳೆಯುತ್ತೀರಿ?

ನಿವೃತ್ತ ದಾದಿ, ಪುಣೆ

ಕುಷ್ಠರೋಗಿಯ ಪ್ರಸಂಗವನ್ನು ನೀವು ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಅಲ್ಲಿನ ಯಾಜಕ ಬರಿಯ ಪೂಜಾರಿಯಲ್ಲ. ಯಾಜಕಕಾಂಡದ ಪ್ರಕಾರ ಮೈಮೇಲಿನ ಕಲೆಯನ್ನು ಪರೀಕ್ಷಿಸಿ, ಏಳು ದಿನ ಪ್ರತ್ಯೇಕವಾಗಿರಿಸಿ, ಮತ್ತೆ ನೋಡಿ ನಿರ್ಣಯ ಹೇಳುತ್ತಿದ್ದವನು ಅವನೇ. ಹೇಳುವುದಕ್ಕೆ ಮೊದಲು ತೋರಿಸು ಎಂಬ ಆ ಕ್ರಮವನ್ನು ನಮ್ಮ ಸಭೆಗಳು ಮರೆತಿವೆ ಎಂಬುದು ನನ್ನ ತಕರಾರು. ಸಾಕ್ಷಿಯ ಚರ್ಚೆ ಆಮೇಲಾಗಲಿ. ಬಂದವನನ್ನು ಮೊದಲ ವಾರ ವೈದ್ಯರ ಬಳಿಗೆ ಕಳುಹಿಸುತ್ತೀರೋ ಇಲ್ಲವೋ?

ಮೂವತ್ತೊಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳಾಗಿ ಹೇಳುತ್ತಿದ್ದೇನೆ. ವರ್ಷಗಟ್ಟಲೆ ದಿನವೂ ಕುಡಿದವನು ಥಟ್ಟನೆ ನಿಲ್ಲಿಸಿದರೆ ಸುಮಾರು 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ವೈದ್ಯರು ಅದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಜ್ವರ, ಬೆವರು, ಇಲ್ಲದ ಹುಳುಗಳು ಕಣ್ಣಿಗೆ ಕಾಣುವುದು, ಯಾರೋ ಕೊಲ್ಲಲು ಬರುತ್ತಿದ್ದಾರೆಂಬ ಭಯ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣ ಹೋಗುವ ಸ್ಥಿತಿ ಅದು, ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪಾರಾಗುತ್ತಾರೆ. ಇದನ್ನು ದೆವ್ವದ ಕಾಟವೆಂದು ತಿಳಿದು ತಲೆಯ ಮೇಲೆ ಕೈಯಿಟ್ಟು ಬೆಳಗಿನ ತನಕ ಗದರಿಸಿದ ಸಭೆಗಳನ್ನು ನಾನು ಕಂಡಿದ್ದೇನೆ. ಪ್ರಾರ್ಥನೆ ಬೇಡವೆನ್ನುತ್ತಿಲ್ಲ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು ಮಾಡಿ.

ಇನ್ನೊಂದು ವಿಷಯ ಉಪವಾಸ. ಬಹುಕಾಲ ಕುಡಿದವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಆಗಲೇ ಬತ್ತಿರುತ್ತದೆ. ಅದು ತೀರ ಕಡಿಮೆಯಾದರೆ ಮಿದುಳಿಗೆ ಶಾಶ್ವತವಾಗಿ ಪೆಟ್ಟು ಬೀಳುತ್ತದೆ. ಹಾಗಾಗಿಯೇ ತಿಳಿದ ವೈದ್ಯರು ಗ್ಲೂಕೋಸ್ ಹಚ್ಚುವ ಮುನ್ನ ಅಥವಾ ಅದರ ಜೊತೆಗೇ ಥಯಾಮಿನ್ ಕೊಡುತ್ತಾರೆ. ಅಂಥವನನ್ನು ಮೂರು ದಿನ ಉಪವಾಸ ಕೂರಿಸುವುದು ಭಕ್ತಿಯ ಹೆಸರಿನಲ್ಲಿ ಮಾಡುವ ಅಪಾಯ.

ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ದಂಪತಿಗಳು 1986ರಲ್ಲಿ ಆರಂಭಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರಕ್ಕೆ ನಮ್ಮ ಸಭೆಯಿಂದ ಜನರನ್ನು ಕಳುಹಿಸಿದ್ದೇವೆ. ಅದು ಕ್ರೈಸ್ತ ಸಂಸ್ಥೆಯಲ್ಲವೆಂದು ಒಬ್ಬ ಹಿರಿಯರು ಮೂಗು ಮುರಿದರು. ಹಾಗಾದರೆ ತಾವು ಬಿ.ಪಿ. ಮಾತ್ರೆ ಕೊಳ್ಳುವ ಅಂಗಡಿಯವನ ಜ್ಞಾನಸ್ನಾನವನ್ನು ವಿಚಾರಿಸಿದ್ದೀರಾ ಎಂದು ಕೇಳಿದೆ.

ಒಂಬತ್ತನೆಯ ವರ್ಷ, ಠಾಣೆ

ಮಂಗಳವಾರದ ಕೂಟದ ಹಿರಿಯರ ನೋವು ನನಗೆ ಅರ್ಥವಾಗುತ್ತದೆ, ಆದರೂ ಅವರ ತೀರ್ಮಾನವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾನು ಕುಡಿತ ಬಿಟ್ಟು ಎಂಟು ವರ್ಷ ತುಂಬಿದೆ. ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳಿಗೂ ಹೋಗುತ್ತೇನೆ, ನಮ್ಮ ಚರ್ಚಿನ ಕೂಟಕ್ಕೂ ಹೋಗುತ್ತೇನೆ. ನನ್ನನ್ನು ಉಳಿಸಿದ್ದು ಪ್ರಸಂಗವಲ್ಲ. ನನ್ನಂತೆಯೇ ಸಂಬಳದ ದಿನ ಬೆಳಗ್ಗೆ ಎಂಟಕ್ಕೇ ದೇಸಿ ದಾರೂ ಅಂಗಡಿಯ ಮುಂದೆ ನಿಂತಿರುತ್ತಿದ್ದ ಒಬ್ಬ ಮನುಷ್ಯ, ನಾನು ಅಲ್ಲಿ ನಿಲ್ಲುತ್ತಿದ್ದೆ ಎಂದು ಬಾಯಿಬಿಟ್ಟು ಹೇಳಿದ್ದು. ಅವನು ಮರ್ಯಾದೆಗೆ ಅಂಜಿ ಸುಮ್ಮನಿದ್ದಿದ್ದರೆ ನಾನು ಇಂದು ಇರುತ್ತಿರಲಿಲ್ಲ. ಆದ್ದರಿಂದ ಸಾಕ್ಷಿಯೇ ಬೇಡವೆಂದರೆ ಬಾವಿಗೆ ಬಿದ್ದವನಿಗೆ ಹಗ್ಗವೇ ಇಲ್ಲದಂತಾಗುತ್ತದೆ.

ಆದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಚಳವಳಿ ಹೇಗೆ ಆರಂಭವಾಯಿತೆಂಬುದನ್ನು ಎರಡೂ ಕಡೆಯವರು ನೆನೆಯಬೇಕು. 1935ರ ಮೇ ತಿಂಗಳಲ್ಲಿ ಅಮೆರಿಕದ ಓಹಾಯೋ ರಾಜ್ಯದ ಏಕ್ರನ್ ಊರಿಗೆ ಬಂದಿದ್ದ ಬಿಲ್ ವಿಲ್ಸನ್, ವ್ಯಾಪಾರ ಕೈಕೊಟ್ಟು ಹೋಟೆಲಿನ ಬಾರಿನ ಸದ್ದು ಕಿವಿಗೆ ಬೀಳುತ್ತಿದ್ದಾಗ, ಚರ್ಚುಗಳ ಪಟ್ಟಿಯಿಂದ ಒಂದು ಸಂಖ್ಯೆ ಆರಿಸಿ ಫೋನು ಮಾಡಿದರು. ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂಬುದೇ ಅವರ ಬೇಡಿಕೆ. ಹಾಗೆ ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಬಿಲ್ ಆಗ ಕುಡಿತ ಬಿಟ್ಟು ಆರು ತಿಂಗಳೂ ತುಂಬಿರಲಿಲ್ಲ. ಇಬ್ಬರು ಒಂದು ಕೋಣೆಯಲ್ಲಿ ಕುಳಿತು ಮಾತಾಡಿದರು, ವೇದಿಕೆಯಿಲ್ಲ, ಚಪ್ಪಾಳೆಯಿಲ್ಲ. ಡಾ. ಬಾಬ್ ಕೆಲ ವಾರ ಕುಡಿಯದೆ ಇದ್ದು, ವೈದ್ಯರ ಸಮ್ಮೇಳನಕ್ಕೆ ಹೋದಲ್ಲಿ ಮತ್ತೆ ಜಾರಿದರು. ಹಿಂದಿರುಗಿ ಬಂದು ಕೊನೆಯ ಸಲ ಕುಡಿದ 1935ರ ಜೂನ್ 10ನ್ನೇ ಸಂಸ್ಥೆ ತನ್ನ ಹುಟ್ಟಿದ ದಿನವೆಂದು ಆಚರಿಸುತ್ತದೆ. ಅಂದರೆ ಎಡವಿ ಬಿದ್ದವನು ಎದ್ದುಬಂದ ದಿನ. ಡಾ. ಬಾಬ್ ಅವರನ್ನು ಆ ಸಮ್ಮೇಳನದ ಹಿಂದಿನ ಭಾನುವಾರ ಯಾವುದಾದರೂ ಬಲಿಪೀಠದ ಮುಂದೆ ನಿಲ್ಲಿಸಿದ್ದರೆ ಅವರು ಅಷ್ಟು ಸಲೀಸಾಗಿ ಹಿಂದಿರುಗುತ್ತಿದ್ದರೋ ಏನೋ.

ಆ ಸಂಸ್ಥೆ ಕಲಿಸುವ ಹನ್ನೆರಡು ಮೆಟ್ಟಿಲುಗಳಲ್ಲಿ ಐದನೆಯದು ತಪ್ಪನ್ನು ದೇವರಿಗೆ, ತನಗೆ ಮತ್ತು ಇನ್ನೊಬ್ಬ ಮನುಷ್ಯನಿಗೆ ಒಪ್ಪಿಕೊಳ್ಳುವುದು. ಇನ್ನೊಬ್ಬ ಎಂದಿದೆ, ಇನ್ನೂರು ಜನರಿಗೆ ಎಂದಿಲ್ಲ. ಸಂದೇಶವನ್ನು ಬೇರೆಯವರಿಗೆ ಒಯ್ಯುವ ಮಾತು ಬರುವುದು ಕಟ್ಟಕಡೆಗೆ, ಹನ್ನೆರಡನೆಯದರಲ್ಲಿ. ಹಾಗೆಂದು ಅದು ಇಲ್ಲವೇ ಇಲ್ಲ ಎನ್ನಬೇಡಿ. ನನಗೆ ನನ್ನ ಸಭೆಯಲ್ಲಿ ಒಮ್ಮೆ ಮಾತಾಡಬೇಕೆಂಬ ಆಸೆ ಇದೆ, ಅದನ್ನು ಯಾವ ಹಿರಿಯರೂ ನನ್ನ ಒಳ್ಳೆಯದಕ್ಕೆಂದು ತಡೆಯಬಾರದು.

ಡೊಂಬಿವಿಲಿಯ ಸಹೋದರಿ

ನಾನು ಕುಡಿದವಳಲ್ಲ, ಕುಡಿದವರ ಹೆಂಡತಿ. ನನ್ನ ಗಂಡ ಆರು ವರ್ಷಗಳ ಹಿಂದೆ ಸಭೆಯಲ್ಲಿ ಸಾಕ್ಷಿ ಹೇಳುವಾಗ, "ನಾನು ಹೆಂಡತಿಗೆ ಹೊಡೆಯುತ್ತಿದ್ದೆ, ಅವಳ ಕರಿಮಣಿಯನ್ನೂ ಅಡವಿಟ್ಟೆ" ಎಂದು ಹೇಳಿ ಅತ್ತರು. ಎಲ್ಲರೂ ಅವರನ್ನು ಅಪ್ಪಿಕೊಂಡರು. ಎರಡನೆಯ ಸಾಲಿನಲ್ಲಿ ಸಂಡೇ ಸ್ಕೂಲಿನ ಮಕ್ಕಳ ನಡುವೆ ನನ್ನ ಮಗಳು ಕುಳಿತಿದ್ದಳು. ಅವಳ ಗೆಳತಿಯರೆಲ್ಲ ತಿರುಗಿ ಅವಳನ್ನು ನೋಡಿದರು. ಆ ಕತೆ ಅವರೊಬ್ಬರದೇ ಆಗಿರಲಿಲ್ಲ, ನನ್ನದೂ ನನ್ನ ಮಗಳದೂ ಆಗಿತ್ತು. ಹೇಳಲೇ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಇಲ್ಲಿ ಇಷ್ಟು ಹೊತ್ತು ಚರ್ಚೆ ನಡೆದರೂ ಈ ವಿಷಯ ಬಂದಿಲ್ಲವೆಂಬುದನ್ನು ಗಮನಿಸಿ.

ಗಂಡಸರ ಕೂಟ ನಡೆಸುವವರು ಮನೆಯವರಿಗೂ ಒಂದು ಕೂಟ ನಡೆಸಬೇಕು. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ 1951ರಲ್ಲಿ ಕುಟುಂಬದವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವನ್ನೇ ಕಟ್ಟಬೇಕಾಯಿತು. ನಮಗೆ ಬೇಕಾಗಿರುವುದು ಸಹಿಸಿಕೋ ಎಂಬ ಉಪದೇಶವಲ್ಲ. ಧಣಿಗಳಿಗೆ ಫೋನು ಮಾಡಿ ಇವರಿಗೆ ಜ್ವರವೆಂದು ಸುಳ್ಳು ಹೇಳುವುದನ್ನು ಹೇಗೆ ನಿಲ್ಲಿಸಬೇಕು, ಹೊಡೆತ ಬಿದ್ದ ರಾತ್ರಿ ಯಾರ ಮನೆಯ ಬಾಗಿಲು ತಟ್ಟಬೇಕು, ಸಾಲದವರು ಬಂದಾಗ ಏನೆನ್ನಬೇಕು ಎಂಬುದನ್ನು ಇನ್ನೊಬ್ಬ ಹೆಂಡತಿಯ ಬಾಯಿಂದಲೇ ಕೇಳಬೇಕು.

ಒಂದು ಎಚ್ಚರಿಕೆಯನ್ನೂ ಬರೆದುಬಿಡುತ್ತೇನೆ. ಕುಡಿಯುವವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡಿ ಎಂದು ಒಬ್ಬರು ನನಗೆ ಪುಡಿಯೊಂದನ್ನು ಕೊಟ್ಟಿದ್ದರು. ಅದು ಡೈಸಲ್ಫಿರಾಮ್ ಮಾತ್ರೆಯ ಪುಡಿ ಎಂದು ಆಮೇಲೆ ತಿಳಿಯಿತು. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು, ದುರ್ಬಲ ಹೃದಯದವರ ಜೀವವೇ ಹೋಗಬಹುದಂತೆ; ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಅದರ ಪ್ರಭಾವ ಉಳಿಯಬಹುದಂತೆ. ರೋಗಿ ತಾನೇ ಒಪ್ಪಿ, ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕಾದ ಮದ್ದು ಅದು. ನಾನು ಎರಡು ದಿನ ಹಾಕಿದ್ದೆ. ಆ ಎರಡು ದಿನ ಅವರು ಕುಡಿಯದಿದ್ದದ್ದು ನನ್ನ ಪುಣ್ಯ.

ವಾಸ್ಕೋದಿಂದ, ಗೋವಾ

ನಾನು ಕಥೋಲಿಕ, ಝುವಾರಿನಗರದ ಕಡೆಯ ಉತ್ತರ ಕರ್ನಾಟಕದ ಕೂಲಿಕಾರರ ನಡುವೆ ಕೆಲಸ ಮಾಡುವವನು. ನಮ್ಮಲ್ಲಿ ಪಾಪನಿವೇದನೆಯ ಸಂಸ್ಕಾರವಿರುವುದರಿಂದ ಬಹಿರಂಗ ಸಾಕ್ಷಿಯ ಒತ್ತಡ ನಿಮ್ಮಲ್ಲಿರುವಷ್ಟು ಇಲ್ಲ. ಆದರೆ ನಮ್ಮ ಕಷ್ಟವೇ ಬೇರೆ: ಗುರುಗಳಿಗೆ ಹೇಳಿಯಾಯಿತು, ಕ್ಷಮೆ ಸಿಕ್ಕಿತು, ಇನ್ನು ಕೂಟವೇಕೆ ಎನ್ನುತ್ತಾರೆ. ಕ್ಷಮೆ ಬೇರೆ, ಗುಣವಾಗುವುದು ಬೇರೆ ಎಂದು ತಿಳಿಸುವಷ್ಟರಲ್ಲಿ ಗೇರುಹಣ್ಣಿನ ಕಾಲ ಬಂದು ಅದರ ರಸದಿಂದ ಉರಾಕ್ ಎಂಬ ಮದ್ಯ ಇಳಿಯತೊಡಗುತ್ತದೆ, ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ಮುಂಬಯಿಯವರಿಗೆ ಬಾಂದ್ರಾದ ವ್ಯಸನಮುಕ್ತಿ ಸಂಸ್ಥೆ ಕೃಪಾ ಫೌಂಡೇಶನ್ ಗೊತ್ತೇ ಇರುತ್ತದೆ. ಫಾದರ್ ಜೋ ಪಿರೇರಾ ಅದನ್ನು 1981ರಲ್ಲಿ ಆರಂಭಿಸಿದರು. ಅವರಿಗೆ 2009ರಲ್ಲಿ ಪದ್ಮಶ್ರೀ ಬಂತು. ಹನ್ನೆರಡು ಮೆಟ್ಟಿಲುಗಳ ಜೊತೆಗೆ ತಮ್ಮ ಗುರು ಬಿ.ಕೆ.ಎಸ್. ಅಯ್ಯಂಗಾರರ ಯೋಗವನ್ನೂ ಅವರು ಅಲ್ಲಿ ಬಳಸಿದರು. ಅಯ್ಯಂಗಾರರು ನಮ್ಮ ಕೋಲಾರ ಕಡೆಯ ಬೆಳ್ಳೂರಿನವರು ಎಂಬುದನ್ನು ಕನ್ನಡಿಗನಾಗಿ ಸೇರಿಸದೆ ಇರಲಾರೆ.

ನನ್ನ ಪ್ರಶ್ನೆ ಯೇಸುವಿನ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಸ್ವೀಕರಿಸುವ ಪ್ರಭು ಭೋಜನದ್ದು. ನಮ್ಮಲ್ಲಿ ಭಕ್ತರು ರೊಟ್ಟಿಯನ್ನಷ್ಟೇ ಸ್ವೀಕರಿಸಿದರೂ ಪರಮಪ್ರಸಾದ ಪೂರ್ಣವೇ, ಆದ್ದರಿಂದ ಕುಡಿತ ಬಿಟ್ಟವನಿಗೆ ತೊಡಕಿಲ್ಲ. ದ್ರಾಕ್ಷಾರಸದ ಪಾತ್ರೆಯನ್ನು ಎಲ್ಲರಿಗೂ ಕೊಡುವ ನಿಮ್ಮ ಸಭೆಗಳಲ್ಲಿ ಏನು ಮಾಡುತ್ತೀರಿ?

ಯುವ ಸಭಾಪಾಲಕ, ನವಿ ಮುಂಬಯಿ

ಪ್ರಭು ಭೋಜನದ ಪ್ರಶ್ನೆಗೆ ಉತ್ತರಿಸುತ್ತೇನೆ. ಅಮೆರಿಕದ ಮೆಥೊಡಿಸ್ಟರಾದ ಥಾಮಸ್ ವೆಲ್ಚ್ ಎಂಬ ದಂತವೈದ್ಯರು 1869ರಲ್ಲಿ ದ್ರಾಕ್ಷಿರಸವನ್ನು ಕಾಯಿಸಿ ಹುಳಿಯದಂತೆ ಉಳಿಸಿದ್ದೇ ಈ ಉದ್ದೇಶಕ್ಕೆ. ನಾವು ಒಣದ್ರಾಕ್ಷಿ ನೆನೆಸಿ ಹಿಂದಿನ ರಾತ್ರಿಯೇ ರಸ ತೆಗೆಯುತ್ತೇವೆ, ಎಲ್ಲರಿಗೂ ಅದೇ. ಕುಡಿತ ಬಿಟ್ಟವರಿಗಷ್ಟೇ ಬೇರೆ ಲೋಟ ಇಟ್ಟರೆ ಅದೂ ಒಂದು ಬಲವಂತದ ಸಾಕ್ಷಿಯಾಗುತ್ತದೆ.

ಮಂಗಳವಾರದ ಕೂಟ, ಮುಂಬಯಿ

ಉತ್ತರಿಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ. ದಾದಿಯಮ್ಮನವರ ಮಾತನ್ನು ಓದುವಾಗ ನನ್ನ ಕಿವಿ ಬಿಸಿಯಾಯಿತು. ಕೂಟದ ಮೊದಲ ವರ್ಷ ಒಬ್ಬನನ್ನು ಮೂರು ದಿನದ ಉಪವಾಸ ಪ್ರಾರ್ಥನೆಗೆ ಕೂರಿಸಿದವನು ನಾನೇ. ಮೂರನೆಯ ರಾತ್ರಿ ಅವನು ಹೊದಿಕೆಯ ಮೇಲಿನಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಎರಡು ಬೆರಳಿನಿಂದ ಹೆಕ್ಕಿ ನನ್ನ ಅಂಗೈಗೆ ಹಾಕುತ್ತಿದ್ದ, ತುಂಬ ಜಾಗರೂಕತೆಯಿಂದ, ಒಂದೂ ಸಾಯಬಾರದು ಎನ್ನುವಂತೆ. ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ಏನು ತಿನ್ನಿಸಿದಿರಿ ಎಂದು ಅಲ್ಲಿನ ವೈದ್ಯೆ ಕೇಳಿದರು. ಏನೂ ಇಲ್ಲವೆಂದೆ. ಆಕೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅವನು ಬದುಕಿದ. ಅಂದಿನಿಂದ ಮೊದಲ ಸಲ ಬಂದವನನ್ನು ವೈದ್ಯರಿಗೆ ತೋರಿಸದೆ, ಇಂದೇ ಬಿಡು ಎಂದು ನಾವು ಹೇಳುವುದಿಲ್ಲ. ಕೋಣೆಯಲ್ಲಿ ಹಾಕಿ ಬೀಗ ಜಡಿಯಿರಿ ಎನ್ನುವ ಮನೆಯವರ ಮಾತಿಗೂ ಒಪ್ಪುವುದಿಲ್ಲ. ಮಾನಸಿಕ ಆರೋಗ್ಯ ಕಾಯಿದೆ, 2017 ಕುಡಿತ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ, ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. ರಾತ್ರಿ ನಮಗೆ ಫೋನು ಮಾಡಲಾಗದವರಿಗೆ ಸರಕಾರದ ಉಚಿತ ಸಹಾಯವಾಣಿ 14446 ಅನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿಟ್ಟಿದ್ದೇವೆ.

ಕೂಟದ ಕಟ್ಟಳೆಗಳನ್ನು ಕೆಲವರು ಖಾಸಗಿಯಾಗಿ ಕೇಳಿದ್ದಾರೆ. ಹೆಚ್ಚಿನವು ನಮ್ಮದಲ್ಲ, ಜಾನ್ ಬೇಕರ್ ಅವರು 1991ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನಲ್ಲಿ ಆರಂಭಿಸಿದ ಸೆಲಬ್ರೇಟ್ ರಿಕವರಿ ಸೇವೆಯಿಂದ ಎರವಲು ಪಡೆದದ್ದು. ಮಾತಾಡುವವನು ತನ್ನ ವಿಷಯವನ್ನೇ, ಮೂರರಿಂದ ಐದು ನಿಮಿಷದಲ್ಲಿ ಹೇಳಬೇಕು. ನಡುವೆ ಯಾರೂ ಬಾಯಿ ಹಾಕಬಾರದು. ಯಾರೂ ಯಾರನ್ನೂ ಸರಿಪಡಿಸಲು ಹೋಗಬಾರದು. ಕೇಳಿದ್ದು ಕೋಣೆಯಿಂದ ಹೊರಗೆ ಹೋಗಬಾರದು. ನಾವಾಗಿ ಸೇರಿಸಿದ್ದು ಒಂದೇ: ನಡೆಸುವವನು ಯಾರಿಗೂ ಸಾಲ ಕೊಡಬಾರದು. ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು 2ನೆಯ ವಚನ ಹೇಳಿದರೆ, ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕೆಂದು 5ನೆಯ ವಚನ ಹೇಳುತ್ತದೆ. ಯಾವುದು ಯಾವಾಗ ಎಂಬುದನ್ನು ನಾನು ಕಲಿತದ್ದು ನಲವತ್ತು ಸಾವಿರ ರೂಪಾಯಿ ಕಳೆದುಕೊಂಡ ಮೇಲೆ. ಪರ್ಮಿಟ್ ರೂಮಿನಲ್ಲಿ ದುಡಿಯುವವನಿಗೆ ಹಣಕ್ಕಿಂತ ಬೇಕಾದದ್ದು ಬೇರೆ ಕೆಲಸ. ರಾತ್ರಿ ಒಂದೂವರೆಯ ತನಕ ಇನ್ನೊಬ್ಬರ ಲೋಟಕ್ಕೆ ಸುರಿಯುತ್ತ ಕುಡಿಯದಿರುವುದು ಹೇಳಿದಷ್ಟು ಸುಲಭವಲ್ಲ. ಸಭೆಯ ಇಬ್ಬರು ಹೋಟೆಲ್ ಮಾಲೀಕರು ಬಾರ್ ಇಲ್ಲದ ತಮ್ಮ ಶಾಖೆಗಳಿಗೆ ಐದು ಜನರನ್ನು ತೆಗೆದುಕೊಂಡಿದ್ದಾರೆ. ಕಮಿಟಿಗೆ ಹೆಮ್ಮೆಪಡುವ ಮನಸ್ಸಿದ್ದರೆ ವೇದಿಕೆಯ ಮೇಲೆ ಆ ಮಾಲೀಕರನ್ನು ನಿಲ್ಲಿಸಲಿ ಎಂದು ತಮಾಷೆಗೆ ಹೇಳಿದೆ. ಅವರು ತಮಾಷೆಯೆಂದು ತಿಳಿಯಲಿಲ್ಲ.

ಠಾಣೆಯ ಸಹೋದರರೇ, ನಿಮ್ಮ ಮಾತಿಗೆ ನಾನು ಅರ್ಧ ಸೋತಿದ್ದೇನೆ. ಹಗ್ಗ ಬೇಕು ನಿಜ. ಡೊಂಬಿವಿಲಿಯ ಸಹೋದರಿಯ ಮಾತಿಗೆ ಪೂರ್ತಿ ಸೋತಿದ್ದೇನೆ. ಏಳು ವರ್ಷಗಳಲ್ಲಿ ಮನೆಯವರ ಒಪ್ಪಿಗೆ ಕೇಳಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಿನ್ನೆ ಸಂಜೆ ಕಮಿಟಿಯ ಮುಂದೆ ಇಷ್ಟನ್ನು ಹೇಳಿದೆ: ಬೆಳೆಹಬ್ಬದಂದು ಯಾರನ್ನೂ ಹೆಸರು ಹಿಡಿದು ಕರೆಯುವುದು ಬೇಡ. ಎರಡು ವರ್ಷ ದಾಟಿ, ತಾನಾಗಿ ಬಯಸಿ, ಮನೆಯವರೂ ಒಪ್ಪಿದವನಿದ್ದರೆ ಮಂಗಳವಾರದ ಕೋಣೆಗೆ ಸಭೆಯವರೇ ಬಂದು ಗಿಡ್ಡ ಬೆಂಚಿನಲ್ಲಿ ಕುಳಿತು ಕೇಳಲಿ. ಮೊಬೈಲುಗಳು ಹೊರಗೆ ಬುಟ್ಟಿಯಲ್ಲಿರಲಿ. ನಮ್ಮ ಸಭಾಪಾಲಕ ಅಯ್ಯನವರು ಒಪ್ಪಿದರು. ಇಬ್ಬರು ಎದ್ದು ಹೋದರು. ಹೆಂಡತಿಯರ ಕೂಟಕ್ಕೆ ನನ್ನ ಹೆಂಡತಿ ಗುರುವಾರವನ್ನು ಗೊತ್ತುಮಾಡಿದ್ದಾಳೆ, ನನ್ನನ್ನು ಕೇಳದೆ.

ಹನ್ನೊಂದು ತಿಂಗಳು ಬಾಗಿಲು ಹಾಕಿಕೊಂಡಿದ್ದ ಆ ವೇಟರ್ ಈಗ ನಮ್ಮ ಚಹಾ ಮಾಡುವವನು. ಕಮಿಟಿ ಕೊಟ್ಟ ಮೂರು ಹೆಸರುಗಳಲ್ಲಿ ಅವನದೂ ಒಂದು ಇದ್ದುದರಿಂದ ಅವನನ್ನೂ ಕೇಳಿದೆ: ಬೆಳೆಹಬ್ಬದಂದು ಮಾತಾಡಬೇಕೆಂದು ನಿನಗೆ ಅನ್ನಿಸುತ್ತದೆಯೇ? ಅವನು ಸ್ಟವ್ ಒರೆಸುತ್ತಿದ್ದ. "ಭಾನುವಾರ ನನಗೆ ಡಬಲ್ ಡ್ಯೂಟಿ ಅಣ್ಣಾ. ಮಂಗಳವಾರ ಸಭೆಯವರೂ ಬರುತ್ತಾರೆ ಅಂದಿರಲ್ಲ, ಹಾಲು ಎಷ್ಟು ಲೀಟರ್ ತರಲಿ?" ಎಂದ.